ಹತ್ತು ಡಿಗ್ರಿ

ಇವತ್ತು ಕೋಲಾರದ ಎಪಿಎಂಸಿ ಯಾರ್ಡಲ್ಲಿ ಟೊಮೆಟೊ ಮಂಡಿಯಣ್ಣ ಯಾರಿಗೋ ಬುದ್ಧಿ ಹೇಳ್ತಿದ್ದರು. "ಫ್ರಿಜ್ಜಲ್ಲಿ ಇಡಬೇಡಿ ಸಾರ್, ಜಾಸ್ತಿ ತಣ್ಣಗಾದ್ರೂ ಹಣ್ಣು ಕೆಡುತ್ತೆ."

ನನಗೆ ತಟ್ಟನೆ ನೆನಪಾಗಿದ್ದು ಶ್ವಾಸಕೋಶ. ನಗಬೇಡಿ.

ದಾನಿಯ ಶ್ವಾಸಕೋಶವನ್ನ ಇಷ್ಟು ವರ್ಷ ಐಸ್ ಪೆಟ್ಟಿಗೆಯಲ್ಲೇ ಸಾಗಿಸುತ್ತಿದ್ದರು, 4 ಡಿಗ್ರಿ ಆಸುಪಾಸು. ಸಾಮಾನ್ಯವಾಗಿ 6ರಿಂದ 8 ಗಂಟೆಯೊಳಗೆ ಇನ್ನೊಬ್ಬರ ಎದೆಗೆ ಸೇರಿಸಬೇಕು. ಟೊರಾಂಟೊದ ವೈದ್ಯರು 10 ಡಿಗ್ರಿಯಲ್ಲಿಟ್ಟು ನೋಡಿದರು. ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೋಕಾಂಡ್ರಿಯಕ್ಕೆ ಏಟು ಕಡಿಮೆ, ಜಾಸ್ತಿ ಹೊತ್ತು ಚೆನ್ನಾಗಿರುತ್ತೆ. 2021ರಲ್ಲಿ ಇದನ್ನ ಪ್ರಕಟಿಸಿದರು. ಈಗ ನಡುರಾತ್ರಿ ಸಿಕ್ಕ ಶ್ವಾಸಕೋಶ ಬೆಳಗಿನ ತನಕ ಕಾಯಬಹುದು. ನಿದ್ದೆ ಮಾಡಿ ಎದ್ದ ಸರ್ಜನ್ ಕೈಲಿ ಆಪರೇಷನ್! ನನಗಂತೂ ಇದೇ ದೊಡ್ಡ ವಿಷಯ.

ಇನ್ನೊಂದು ಗೊತ್ತಾ? ಅದನ್ನ ಉಸಿರು ಖಾಲಿ ಮಾಡಿ ತೆಗೆಯಲ್ಲ. ರಕ್ತನಾಳಕ್ಕೆ ತಣ್ಣನೆ ದ್ರಾವಣ ಹರಿಸಿ ರಕ್ತವನ್ನೆಲ್ಲ ತೊಳೆದು, ಆಮ್ಲಜನಕ ಬೆರೆತ ಗಾಳಿ ತುಂಬಿ, ಶ್ವಾಸನಾಳ ಮುಚ್ಚಿ, ಆಮೇಲೆ ಹೊರಗೆ ತೆಗೆಯುತ್ತಾರೆ. ಪೂರ್ತಿ ಉಬ್ಬಿಸೋ ಹಾಗೂ ಇಲ್ಲ. ವಿಮಾನ ಮೇಲೇರಿದಾಗ ಒಳಗಿನ ಗಾಳಿ ಹಿಗ್ಗುತ್ತೆ. ಅಂದ್ರೆ ಆ ಪೆಟ್ಟಿಗೆಯೊಳಗೆ ಹೋಗೋದು ಯಾರೋ ಪೂರ್ತಿ ಬಿಡದ ಒಂದು ಉಸಿರು.

ಅಂದಹಾಗೆ, ನಮ್ಮಲ್ಲಿ ದಾನದ ಕಾರ್ಡ್ ಇದ್ದರೂ ಕೊನೆಗೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಅದಕ್ಕೇ ಅಮ್ಮನ ಹತ್ತಿರ ಮಾತು ತೆಗೆದೆ. "ಊಟದ ಹೊತ್ತಲ್ಲಿ ಇದೇನೇ ನಿಂದು" ಅಂದರು. ಬೇಡ ಅಂತೇನೂ ಅನ್ನಲಿಲ್ಲ. ನಾಳೆ ಅಪ್ಪನ ಸರದಿ.