ಒಂದೇ ಗೋಡೆ, ಮೂರು ಗ್ರೇಡ್

ನಮ್ಮ ಸುಣ್ಣಕಲ್ಲು ಕ್ವಾರಿಯ ಬೆಂಚಿನ, ಅಂದರೆ ಮೆಟ್ಟಿಲಿನಂತೆ ಕಡಿದ ಹಂತದ, ಮುಂದೆ ನಿಂತರೆ ಇಡೀ ಗೋಡೆ ಒಂದೇ ಬೂದು ಕಲ್ಲು ಅನಿಸುತ್ತದೆ. ಲ್ಯಾಬಿಗೆ ಪುಡಿ ಬಂದ ಮೇಲೆ ಕಥೆ ಬೇರೆ. ಡ್ರಿಲ್ ಹೊಡೆದ ಒಂದು ತೂತಿನ ಪುಡಿಯಲ್ಲಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಣ್ಣ, 48 ಪರ್ಸೆಂಟ್. ಅದರಿಂದ ಸ್ವಲ್ಪವೇ ದೂರದ ತೂತಿನಲ್ಲಿ 38. ಮತ್ತೊಂದರಲ್ಲಿ ಮೆಗ್ನೀಸಿಯಂ ಏರಿ ಕೂತಿರುತ್ತದೆ. ಅದು ನಮಗೆ ಬೇಡವೇ ಬೇಡ. ಅದರ ಆಕ್ಸೈಡ್ ಆದ ಮೆಗ್ನೀಷಿಯಾ ಜಾಸ್ತಿ ಇದ್ದರೆ ಸಿಮೆಂಟ್ ಗಟ್ಟಿಯಾದ ಎಷ್ಟೋ ದಿನದ ಮೇಲೆ ಒಳಗೊಳಗೇ ಹಿಗ್ಗಿ ಬಿರುಕು ಬಿಡುತ್ತದೆ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುತ್ತೇನೆ. ಓದಿದ್ದು ಕೆಮಿಸ್ಟ್ರಿ. ಜಿಯಾಲಜಿ ಹುಚ್ಚು ಹಿಡಿಸಿದ್ದು ಈ ಗೋಡೆ. ಡ್ರಿಲ್ ಹೊಡೆಯುವವರಿಗೆ, ಎಕ್ಸ್‌ರೇ ಬಿಟ್ಟು ಪುಡಿಯಲ್ಲಿ ಏನೇನಿದೆ ಅಂತ ಅಳೆಯುವ ನಮ್ಮ ಎಕ್ಸ್‌ಆರ್‌ಎಫ್ ಯಂತ್ರಕ್ಕಿಂತ ಮೊದಲೇ ಗೊತ್ತಾಗಿರುತ್ತದೆ. "ಸರ, ಇಲ್ಲಿ ಮಣ್ಣು ಕೂಡೈತ್ರಿ, ಬಿಟ್ಟಿನ ಸಪ್ಪಳನ ಬ್ಯಾರೆ ಆಗೇತಿ" ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅವರ ಮಾತು ನಿಜ.

ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಚಿಕ್ಕ ಆ್ಯಸಿಡ್ ಬಾಟಲಿ ಇರುತ್ತದೆ. ತೆಳು ಮಾಡಿದ ಹೈಡ್ರೋಕ್ಲೋರಿಕ್. ಒಳ್ಳೆಯ ಸುಣ್ಣಕಲ್ಲಿನ ಮೇಲೆ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ ಏಳುತ್ತದೆ. ಮೆಗ್ನೀಸಿಯಂ ಕೂಡಿದ ಡಾಲೊಮೈಟ್ ಕಲ್ಲಾದರೆ ಸುಮ್ನೆ ಕೂರುತ್ತದೆ. ಮೊಳೆಯಿಂದ ಕೆರೆದು ಪುಡಿ ಮಾಡಿ ಹನಿ ಬಿಟ್ಟರೆ ಆಗ ಸಣ್ಣಗೆ ಗುಳ್ಳೆ ಬರುತ್ತವೆ. ಶೇಲ್, ಅಂದರೆ ಜೇಡಿ ಗಟ್ಟಿಯಾಗಿ ಆದ ಕಲ್ಲು, ಅದರ ಪಟ್ಟಿಯ ಮೇಲೆ ಏನೂ ಇಲ್ಲ. ಹನಿ ಹೀರಿಕೊಂಡು, ಒದ್ದೆ ಮಣ್ಣಿನ ವಾಸನೆ ಬರುತ್ತದೆ, ಅಷ್ಟೇ. ಇಲ್ಲಿ ಪದರಗಳು ಮಟ್ಟಸವಾಗಿ ಮಲಗಿಲ್ಲ. ಭೂಮಿ ಮಡಚಿಕೊಂಡಾಗ ಓರೆಯಾಗಿ ಎದ್ದಿವೆ. ಹಾಗಾಗಿ ಒಂದೇ ಬೆಂಚಿನ ಉದ್ದಕ್ಕೂ ನಡೆದರೆ ಮೂರೂ ಸಿಗುತ್ತವೆ.

"ಒಂದು ಕಾಲಕ್ಕೆ ಇಲ್ಲಿ ಸಮುದ್ರ ಇತ್ತಂತೆ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದು ಸಾಲದು. ಸಮುದ್ರ ಇತ್ತು ಸರಿ, ಆಳ ಎಷ್ಟಿತ್ತು? ದಡದ ಮೇಲೆ ಮಳೆ ಎಷ್ಟು ಬೀಳುತ್ತಿತ್ತು? ಕಲ್ಲಿನ ಗ್ರೇಡ್ ತೀರ್ಮಾನ ಆಗಿದ್ದು ಬಹುಪಾಲು ಈ ಎರಡು ಪ್ರಶ್ನೆಗಳಿಂದ.

ಇವತ್ತಿನ ಬೆಚ್ಚಗಿನ ಸಮುದ್ರಗಳನ್ನೇ ನೋಡಿ. ಸುಣ್ಣ ಮಾಡುವ ಹವಳ, ಸುಣ್ಣದ ಪಾಚಿಗಳಿಗೆಲ್ಲ ಬಿಸಿಲು ಬೇಕು. ನೀರಿನ ಮೇಲಿನ ಕೆಲವು ಹತ್ತು ಮೀಟರಿನಲ್ಲೇ ಅವುಗಳ ಭರ್ಜರಿ ಕೆಲಸ. ನದಿ ಕೆಸರು ಹೊತ್ತು ತಂದರೆ ಉರಿಯುವ ಒಲೆಗೆ ನೀರು ಸುರಿದ ಹಾಗೆ. ಬೆಳಕೂ ಹೋಯಿತು, ಹವಳದ ಉಸಿರೂ ಕಟ್ಟಿತು. ಅಂದರೆ ಶುದ್ಧ ಸುಣ್ಣಕ್ಕೆ ತೆಳು ನೀರೂ ಬೇಕು, ತಿಳಿ ನೀರೂ ಬೇಕು. ಮೊದಲನೆಯದು ಸಮುದ್ರಮಟ್ಟದ ಕೈಯಲ್ಲಿ. ಎರಡನೆಯದು ಹವಾಮಾನದ ಕೈಯಲ್ಲಿ.

ಸಮುದ್ರಮಟ್ಟ ಎಷ್ಟು ಆಡುತ್ತದೆ ಅನ್ನುವುದು ನಂಬಲು ಕಷ್ಟ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ನೀರು ಇವತ್ತಿಗಿಂತ 120 ಮೀಟರಿಗೂ ಹೆಚ್ಚು ಕೆಳಗಿತ್ತು. ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್ ಅನ್ನುವ ಕಡಲ ಗುಂಡಿಯ ಒಳಗೆ, ಸಮುದ್ರದಡಿ, ಗುಹೆಯಲ್ಲಿ ಇಳಿಬೀಳುವಂಥ ಸುಣ್ಣದ ಕೋಡುಗಳಿವೆ. ಅವು ಗಾಳಿಯಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕಿಯೇ ಬೆಳೆಯಬೇಕು. ನೀರೊಳಗೆ ಬೆಳೆಯಲಾರವು. ಇದಕ್ಕಿಂತ ಸಾಕ್ಷಿ ಬೇಕಾ?

ಬಹಾಮಾಸ್ ದ್ವೀಪಗಳ ಕಡೆ ಲೆಕ್ಕ ಇನ್ನೂ ಸ್ವಾರಸ್ಯ. ಅಲ್ಲಿನ ಸುಣ್ಣದ ದಿಣ್ಣೆಗಳ ಮೇಲೆ ಈಗ ಬಹುತೇಕ ಕಡೆ ಹತ್ತು ಮೀಟರೂ ನೀರಿಲ್ಲ. ವಿಶಾಲವಾದ ತೆಳು ನೀರು, ಸುಡು ಬಿಸಿಲು, ಮಣ್ಣು ತರುವ ದೊಡ್ಡ ನದಿ ಇಲ್ಲ. ಸುಣ್ಣದ ಹಿಟ್ಟು ತಯಾರಾಗಿ ಆಗಿ ಅಂಚಿನಿಂದ ಆಳಕ್ಕೆ ಸುರಿಯುತ್ತದೆ. ಹಿಮಯುಗದಲ್ಲಿ ನೀರು ಇಳಿದಾಗ ದಿಣ್ಣೆ ಒಣಗಿ ನಿಂತಿತು, ಉತ್ಪಾದನೆ ಬಂದ್. ಹಾಗಾಗಿ ಆಳದ ಕೆಸರಲ್ಲಿ ಸುಣ್ಣ ಹೆಚ್ಚಿದ್ದ ಪದರ ಅಂದರೆ ಸಮುದ್ರ ಏರಿದ್ದ ಕಾಲ. ನದಿಯ ಮಣ್ಣಿಗೆ ಇದು ಉಲ್ಟಾ. ನೀರು ಇಳಿದಾಗ ನದಿಗಳು ಬರಿದಾದ ತೀರದ ಮೇಲೆ ಹರಿದು ನೇರ ಆಳಕ್ಕೇ ಮಣ್ಣು ಸುರಿಯುತ್ತವೆ. ಪುಸ್ತಕದ ನಿಯಮ ಹೀಗಿದೆ.

ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲು, ಗ್ರೇಟ್ ಬ್ಯಾರಿಯರ್ ರೀಫ್, ಈ ನಿಯಮಕ್ಕೆ ಸೊಪ್ಪು ಹಾಕಲಿಲ್ಲ. ಅಲ್ಲಿ ಆಳಕ್ಕೆ ಇಳಿಯುವ ಇಳಿಜಾರಿನಲ್ಲಿ ನೆಲದ ಮಣ್ಣು ಹೆಚ್ಚು ಸೇರಿದ್ದು ನೀರು ಇಳಿದಿದ್ದಾಗ ಅಲ್ಲ, ಏರುತ್ತಿದ್ದಾಗ. ಅಲ್ಲಿ ಸಮುದ್ರದಂಚಿನ ನೆಲ ತುಂಬಾ ಅಗಲ, ತುಂಬಾ ಸಮತಟ್ಟು. ನದಿಗಳು ಅಂಚು ಮುಟ್ಟುವ ಮೊದಲೇ ಮಣ್ಣು ಇಳಿಸಿಬಿಟ್ಟಿದ್ದವು. ಆಮೇಲೆ ಏರಿಬಂದ ನೀರು ಅದನ್ನು ಗೋರಿ ಕೆಳಗೆ ತಳ್ಳಿತು. ಇಂಥ ಅಪವಾದಗಳೇ ನನಗೆ ಇಷ್ಟ. ನೆಲದ ಆಕಾರ ಮರೆತು ಬರೀ ಸಮುದ್ರಮಟ್ಟ ಹಿಡಿದುಕೊಂಡರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದೇ ಆಟ ನಡೆದಿದೆ. ದಡದ ಹತ್ತಿರ ತಳದಲ್ಲಿ ಹಸಿ ಜೇಡಿ. ಹೊರಗೆ ಆಳಕ್ಕೆ ಹೋದರೆ ಹಳೆಯ ಸುಣ್ಣದ ಮರಳು, ಅದರಲ್ಲಿ ಊಯ್ಡ್ ಅನ್ನುವ ದುಂಡನೆ ಪುಟ್ಟ ಕಾಳುಗಳು. ಅಲೆ ಹೊರಳಿಸುವ ತೆಳು ನೀರಲ್ಲಿ ಸುಣ್ಣ ಪದರ ಪದರವಾಗಿ ಸುತ್ತಿಕೊಂಡು ಆಗುವ ಕಾಳು ಅದು. ಈಗ ಅಷ್ಟು ಆಳದಲ್ಲಿ ಬಿದ್ದಿದೆ ಅಂದರೆ ಹಿಮಯುಗ ಮುಗಿಯುವ ಹೊತ್ತಿಗೆ ದಡ ಅಲ್ಲೇ ಆಸುಪಾಸು ಇತ್ತು. ಆಮೇಲೆ ನೀರು ಏರಿತು.

ಮಳೆಯ ವಿಷಯಕ್ಕೆ ಬಂದರೆ ನಮಗೆ ಬೆಳಗಾವಿ ಜಿಲ್ಲೆಯ ಕಣಕುಂಬಿ ಸಾಕು. ಖಾನಾಪುರ ತಾಲೂಕಿನ ಆ ಊರ ಸುತ್ತ ಬೀಳುವ ಮಳೆಯಲ್ಲಿ ಒಂದು ಪಾಲು ಮಹದಾಯಿ ಹಿಡಿದು ಗೋವಾದ ಪಣಜಿ ಕಡೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಮಲಪ್ರಭೆಯಾಗಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ. ಎರಡೂ ಒಯ್ಯುವ ಜೇಡಿ ಬೇರೆ ಬೇರೆ. ಘಟ್ಟದ ಸುರಿಮಳೆ ಕಲ್ಲಿನ ಸತ್ವವೆಲ್ಲ ತೊಳೆದು ಕೆಂಪು ಲ್ಯಾಟರೈಟ್ ಮಾಡುತ್ತದೆ. ಅದರ ಗುರುತು ಕಯೋಲಿನೈಟ್, ಗಿಬ್ಸೈಟ್ ಅನ್ನುವ ಖನಿಜಗಳು. ನಮ್ಮ ಒಣ ಬಯಲಿನ ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಅನ್ನುವ, ನೀರು ಕುಡಿದು ಹಿಗ್ಗುವ ಜೇಡಿ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವಂತೆ ಮಾಡುವುದು, ಮನೆಯ ಗೋಡೆ ಸೀಳಿಸುವುದು ಅದೇ. ಕೃಷ್ಣಾ, ಗೋದಾವರಿ ಬಾಯಿಯ ಮುಂದಿನ ಕೆಸರಲ್ಲಿ ಸ್ಮೆಕ್ಟೈಟ್ ದಂಡಿಯಾಗಿದೆ. ಗೋವಾದಿಂದ ಕೇರಳದ ಕಡೆಗೆ ಕಯೋಲಿನೈಟ್ ಸೇರುತ್ತದೆ. ಹಾಗಾಗಿ ಸಮುದ್ರತಳದ ಕೆಸರಿಗೆ ಕೊಳವೆ ಇಳಿಸಿ ಉದ್ದನೆಯ ಕೋರ್ ತೆಗೆದು ಜೇಡಿಯ ಜಾತಿ ನೋಡಿದರೆ ಯಾವ ಕಾಲದಲ್ಲಿ ಮಳೆ ಜೋರಿತ್ತು ಅಂತ ಅಂದಾಜು ಮಾಡಬಹುದು. ಈಗ ಆಲಮಟ್ಟಿ, ನವಿಲುತೀರ್ಥ ಎಲ್ಲ ಆದ ಮೇಲೆ ಕೃಷ್ಣೆಯ ಹೂಳಿನಲ್ಲಿ ಎಷ್ಟೋ ಭಾಗ ಸಮುದ್ರ ಕಾಣುವುದೇ ಇಲ್ಲ, ಅದು ಬೇರೆ ಮಾತು.

ಮಳೆಯೇ ಇಲ್ಲದ ಕಡೆ ಏನಾಗುತ್ತದೆ? ಅಬುಧಾಬಿಗೆ ದುಡಿಯಲು ಹೋದವರು ನಮ್ಮ ಕಡೆ ಸಾಕಷ್ಟಿದ್ದಾರೆ. ಅಲ್ಲಿನ ಕರಾವಳಿಯ ಉಪ್ಪು ಬಯಲಿನಲ್ಲಿ ನೀರು ಆವಿಯಾಗಿ ಜಿಪ್ಸಮ್ ಕಟ್ಟುತ್ತದೆ, ಸುಣ್ಣದ ಕೆಸರಿನಲ್ಲಿ ಮೆಗ್ನೀಸಿಯಂ ಸೇರಿ ಡಾಲೊಮೈಟ್ ಆಗುತ್ತದೆ. ಹಿಮಯುಗದಲ್ಲಿ ಆ ಪರ್ಷಿಯನ್ ಕೊಲ್ಲಿಯೇ ಹೆಚ್ಚುಕಡಿಮೆ ಒಣ ನೆಲ.

ಇಷ್ಟು ತಿಳಿದು ಮತ್ತೆ ನಮ್ಮ ಗೋಡೆಗೆ, ಜಿಯಾಲಜಿಯವರು ಕಲಾದಗಿ ಅಂತ ಕರೆಯುವ ಕಲ್ಲಿಗೆ ಬಂದರೆ ಎಚ್ಚರ ಬೇಕು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಬಗ್ಗೆ ಬರೆದ ವರದಿಯಲ್ಲಿ ಈ ಬಂಡೆಗಳ ವಿವರ ಇದೆ. ಕಲಾದಗಿ ಆಗ ಜಿಲ್ಲಾ ಕೇಂದ್ರ. ನಮ್ಮ ಸುಣ್ಣಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆಗ ಹವಳವೂ ಇಲ್ಲ, ಚಿಪ್ಪೂ ಇಲ್ಲ. ಇದ್ದದ್ದು ಸೂಕ್ಷ್ಮಜೀವಿಗಳ ಲೋಳೆ ಚಾಪೆ. ಬಾಗಲಕೋಟೆ ಸುತ್ತಲಿನ ಡಾಲೊಮೈಟಿನಲ್ಲಿ ಒಂದರ ಮೇಲೊಂದು ಗುಮ್ಮಟದಂತೆ ಬಾಗಿದ ತೆಳು ಗೆರೆಗಳು ಸಿಗುತ್ತವೆ. ಸ್ಟ್ರೊಮ್ಯಾಟೊಲೈಟ್ ಅವು. ಇವತ್ತು ಅಂಥವು ಬೆಳೆಯುವುದನ್ನು ನೋಡಬೇಕಾದರೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಗೆ ಹೋಗಬೇಕು. ಅಲ್ಲಿ ನೀರು ಸಮುದ್ರದ ಎರಡು ಪಟ್ಟು ಉಪ್ಪು, ಅವನ್ನು ಮೇಯುವ ಬಸವನಹುಳು ಬದುಕುವುದಿಲ್ಲ. ಬಾದಾಮಿಯ ಕೆಂಪು ಬಂಡೆಯನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಅದು ಆಮೇಲಿನದು, ಬಹುಪಾಲು ನದಿ ತಂದ ಮರಳು.

ಹಾಗಾಗಿ 48 ಬಂದರೆ ತಿಳಿ, ತೆಳು ನೀರು ಅಂತಲೂ, 38 ಬಂದರೆ ದಡದಿಂದ ಕೆಸರು ಬಂತು ಅಂತಲೂ ಓದಿಕೊಳ್ಳುತ್ತೇನೆ. ಮಳೆ ಹೆಚ್ಚಾಗಿ ಬಂತೋ, ದಡ ಹತ್ತಿರ ಸರಿಯಿತೋ, ಬರೀ ಕ್ಯಾಲ್ಸಿಯಂ ನೋಡಿ ಹೇಳಲಾಗದು. ಮೈನಿಂಗ್ ಆಫೀಸಿನವರಿಗೆ ಇದೆಲ್ಲ ಬೇಕಿಲ್ಲ. "ಇವತ್ತು ಎಷ್ಟು ಟ್ರಿಪ್ ಹೈ ಗ್ರೇಡ್?" ಅಷ್ಟೇ ಅವರ ಪ್ರಶ್ನೆ.

ತಮಾಷೆ ಅಂದರೆ, ಕೆಸರು ಇಲ್ಲದೆ ನಮಗೂ ನಡೆಯುವುದಿಲ್ಲ. ಬರೀ ಸುಣ್ಣದಿಂದ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆ, ಆಗದು. ಸಿಲಿಕಾ, ಅಲ್ಯುಮಿನಾ, ಕಬ್ಬಿಣ ಎಲ್ಲ ಬೇಕು. ಅದಕ್ಕೇ ಶೇಲ್ ಕೂಡಿದ ಕಲ್ಲನ್ನು ಅಳೆದು ಬೆರೆಸುತ್ತೇವೆ. ಸಾಲದ್ದಕ್ಕೆ ಪಶ್ಚಿಮದ ಕಡೆಯಿಂದ ಲ್ಯಾಟರೈಟ್ ಲಾರಿಗಳು ಬರುತ್ತವೆ. ಮಳೆ ತೊಳೆದು ಉಳಿಸಿದ ಮಣ್ಣು, ಸಮುದ್ರ ಕಟ್ಟಿದ ಸುಣ್ಣ, ಎರಡೂ ಕ್ಲಿಂಕರ್ ಸುಡುವ 1450 ಡಿಗ್ರಿ ಕಿಲ್ನ್‌ನಲ್ಲಿ ಸೇರುತ್ತವೆ. ಜುಲೈನಲ್ಲಂತೂ ಆ ಲ್ಯಾಟರೈಟ್ ನೆನೆದು ಮುದ್ದೆಯಾಗಿ ಬಂದು, ಅದನ್ನು ಸುರಿಯುವ ಲಾಳಿಕೆಯಂಥ ಹಾಪರ್‌ನಲ್ಲಿ ಅಂಟಿಕೊಳ್ಳುತ್ತದೆ. ಸಲಾಕೆ ಹಿಡಿದು ಚುಚ್ಚುವವರ ಬೈಗುಳ ಲ್ಯಾಬಿನ ತನಕ ಕೇಳಿಸುತ್ತದೆ.