ಕೆಂಪು ಚಿಗುರು ನೋಡಿ ದಾಲ್ಚಿನ್ನಿ ಗಿಡ ‘ರೆಡಿ’ ಅಂತ ಬರೆಯಬೇಡಿ

ಗಾಡಿ ನರ್ಸರಿಯ ಗೇಟಿನೊಳಗೆ ಬಂದು ನಿಂತಿದೆ. ಸಸಿ ಬೇಕೆಂಬ ಇಂಡೆಂಟ್ ಆಫೀಸಿನಿಂದ ಪಾಸಾಗಿದೆ. ರಿಜಿಸ್ಟರಿನಲ್ಲಿ ದಾಲ್ಚಿನ್ನಿ ಕಟಿಂಗಿನ (ಬೇರು ಬರಿಸಲು ಊರಿದ ಕಡ್ಡಿ) ಎದುರು ‘ರೆಡಿ’ ಅಂತ ಬಿದ್ದಿದೆ, ಮಂಜಿನಂತೆ ನೀರು ಚಿಮುಕಿಸುವ ಮಿಸ್ಟ್ ಚೇಂಬರಿನ ಬೆಡ್ಡಿನ ತುಂಬ ತಾಮ್ರಗೆಂಪಿನ ಎಳೆ ಎಲೆ. ಬ್ಯಾಗಿಗೆ ತುಂಬಲೆಂದು ಮೊದಲನೆಯದನ್ನು ಎತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಮರಳಿನಿಂದ ಜಾರಿ ಬಂತು. ಬುಡದಲ್ಲಿ ಬಿಳಿ ಗಂಟು, ಬೇರಿನ ಸುಳಿವಿಲ್ಲ. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ. ಡ್ರೈವರ್ ‘ಲೋಡ್ ಮಾಡ್ಲಾ?’ ಅಂತ ಕೇಳುತ್ತಿದ್ದಾನೆ, ಯಾರೂ ಮಾತಾಡುತ್ತಿಲ್ಲ. ಹಿಂದಿನ ವಾರ ಹಾರ್ಡನಿಂಗಿಗೆಂದು, ಅಂದರೆ ಹೊರಗಿನ ಬಿಸಿಲು-ಗಾಳಿಗೆ ಒಗ್ಗಲೆಂದು, ಹೊರಗಿಟ್ಟಿದ್ದ ಬ್ಯಾಗುಗಳು ಯಾಕೆ ತಲೆ ಜೋಲು ಹಾಕಿದ್ದವು ಅನ್ನೋದು ಆಗ ಎಲ್ಲರಿಗೂ ಹೊಳೆದಿತ್ತು. ಅಷ್ಟು ದಿನ ನೀರು ಕಡಿಮೆ ಬಿಟ್ಟ ಅಂತ ನೀರು ಬಿಡುವವನನ್ನು ಬೈದದ್ದಷ್ಟೇ ಆಗಿತ್ತು.

ದಾಲ್ಚಿನ್ನಿ ಚಿಗುರುವುದು ಕಡ್ಡಿಯಲ್ಲಿ ಕೂಡಿಟ್ಟ ಆಹಾರದ ಬಲದಿಂದ. ಮಂಜಿನಂಥ ತೇವದೊಳಗೆ ಎಲೆಯಿಂದ ನೀರು ಆರುವುದಿಲ್ಲ, ಹಾಗಾಗಿ ಬೇರಿಲ್ಲದೆಯೂ ಕಡ್ಡಿ ವಾರಗಟ್ಟಲೆ ಹಸಿರಾಗಿರುತ್ತದೆ, ಮೇಲೊಂದು ಕೆಂಪು ಚಿಗುರನ್ನೂ ಬಿಡುತ್ತದೆ. ಆ ಚಿಗುರು ಬೇರಿಗೆ ಹೋಗಬೇಕಿದ್ದ ಆಹಾರವನ್ನೇ ತಿಂದಿರುತ್ತದೆ. ಬುಡದ ಬಿಳಿ ಗಂಟು, ಅಂದರೆ ಕ್ಯಾಲಸ್, ಗಾಯ ಮಾಯ್ದದ್ದರ ಗುರುತು ಮಾತ್ರ. ಬೇರು ಬರಲು 45ರಿಂದ 60 ದಿನ ಬೇಕು. ನಮ್ಮ ಆಫೀಸಿನವರು ಕಾಳುಮೆಣಸಿನ ದಿನಲೆಕ್ಕದ ಎಕ್ಸೆಲ್ ಹಾಳೆಯನ್ನೇ ಕಾಪಿ ಮಾಡಿ ಹೆಸರು ಬದಲಿಸಿ ದಾಲ್ಚಿನ್ನಿಗೆ ಹಚ್ಚಿದ್ದಾರೆ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿಯ ಲೆಕ್ಕ ಮರದ ಕಡ್ಡಿಗೆ ಹೊಂದುವುದಾದರೂ ಹೇಗೆ?

ಪರೀಕ್ಷೆ ಸುಲಭ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮರಳು ಹಿಡಿದುಕೊಂಡರೆ ಬೇರಿದೆ, ಸಡಿಲವಾಗಿ ಎದ್ದು ಬಂದರೆ ಹಾಗೇ ವಾಪಸ್ ಒತ್ತಿ ಸುಮ್ಮನಿರಿ. ಇನ್ನೂ ಒಳ್ಳೆಯದು, ಪ್ರತಿ ಬೆಡ್ಡಿನ ಜೊತೆ ಕೆಲವು ಕಡ್ಡಿಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ, ಸುತ್ತ ಕಪ್ಪು ಕಾಗದ ಸುತ್ತಿ ಇಡುವುದು. ಕಾಗದ ಸರಿಸಿ ನೋಡಿದರೆ ಸಾಕು, ಯಾವುದನ್ನೂ ಕೀಳಬೇಕಿಲ್ಲ.

ಕಡ್ಡಿ ಆರಿಸುವಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕೆಂಪು ಚಿಗುರು ಕತ್ತರಿಸಿದ ಸ್ವಲ್ಪ ಹೊತ್ತಿಗೇ ಬಾಡುತ್ತದೆ. ಪೂರ್ತಿ ಕಂದಾಗಿ ಬಲಿತ ಟೊಂಗೆ ಬೇರು ಬಿಡುವುದರಲ್ಲಿ ಮೊಂಡು. ಎಲೆ ಕೆಂಪಿನಿಂದ ಹಸಿರಿಗೆ ತಿರುಗಿ ಗಟ್ಟಿಯಾಗಿರಬೇಕು, ಕಾಂಡ ಹಸಿರು-ಕಂದು ನಡುವೆ ಇರಬೇಕು, ಬಾಗಿಸಿದರೆ ತಟ್ಟನೆ ಮುರಿಯಬಾರದು. ನೆಲದಿಂದ ಸುಮಾರು 30 ಸೆಂ.ಮೀ. ಎತ್ತರಕ್ಕೆ ಕಡಿದ ಬುಡದಿಂದ ನೆಟ್ಟಗೆ ಎದ್ದ ಕವಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. 10 ಸೆಂ.ಮೀ. ಉದ್ದ, ಎರಡು ಎಲೆ. ಎಲೆ ದೊಡ್ಡದಿದ್ದರೆ ಅಡ್ಡಕ್ಕೆ ಅರ್ಧ ಕತ್ತರಿಸಿ. ಬೆಳಿಗ್ಗೆ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ಅದೇ ದಿನ ಊರಬೇಕು.

ಬೇರು ಬರಿಸುವ ಹಾರ್ಮೋನು ಐಬಿಎ, 2000 ಪಿಪಿಎಂ, ಅಂದರೆ 100 ಮಿಲೀಗೆ 200 ಮಿಲಿಗ್ರಾಂ. ಇದು ನೀರಲ್ಲಿ ಕರಗುವ ಸರಕಲ್ಲ. ಮೊದಲು 50 ಮಿಲೀ ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರನ್ನು ಹನಿಹನಿಯಾಗಿ ಕಲಕುತ್ತ ಸೇರಿಸಬೇಕು. ಅವಸರ ಮಾಡಿ ಸುರಿದರೆ ದ್ರಾವಣ ಹಾಲಿನಂತೆ ಬೆಳ್ಳಗಾಗಿ ತಳದಲ್ಲಿ ಪುಡಿ ಕೂರುತ್ತದೆ. ಅದರಲ್ಲಿ ಅದ್ದಿದ ಕಡ್ಡಿಗೆ ಎಷ್ಟು ಹಾರ್ಮೋನು ಹತ್ತಿತು ಅನ್ನೋದು ದೇವರಿಗೇ ಗೊತ್ತು. ಬುಡವನ್ನು ಕೆಲವೇ ಸೆಕೆಂಡು ಅದ್ದಿ, ಆರಲು ಬಿಟ್ಟು, ಊರಿ. ಮನೆಯಲ್ಲಿ ಮಾಡುವವರಿಗೆ ಅಂಗಡಿಯ ಬೇರು ಪುಡಿಯೇ ವಾಸಿ.

ಊರಲು ಮರಳು, ಇಲ್ಲವೇ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ. ಹೊಳೆ ಮರಳಿನ ಬಿಲ್ ಪಾಸಾಗದೆ ಎಂ-ಸ್ಯಾಂಡ್ ಬಂದಿಳಿದರೆ ಅದನ್ನು ಹಾಗೇ ಬಳಸಬೇಡಿ. ಅದರ ಹಿಟ್ಟಿನಂಥ ಧೂಳು ನೀರು ಬಿದ್ದಂತೆಲ್ಲ ಸಿಮೆಂಟಿನಂತೆ ಬಿಗಿದು, ಬುಡಕ್ಕೆ ಗಾಳಿಯಿಲ್ಲದೆ ಕಡ್ಡಿ ಕಪ್ಪಾಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಬೇಕು, ನೆರಳು ಇರಲೇಬೇಕು. ಮಿಸ್ಟಿನ ಟೈಮರ್ ದೊಡ್ಡ ದುಡ್ಡಿನದ್ದು, ಆದರೆ ಮಲೆನಾಡಿನ ಕರೆಂಟಿಗೆ ಅದರ ಬೆಲೆ ಗೊತ್ತಿಲ್ಲ. ಮಧ್ಯಾಹ್ನ ಕರೆಂಟು ಹೋದರೆ ಕೈಯಲ್ಲಿ ನೀರು ಹೊಡೆಯಲು ಒಬ್ಬರು ಇರಬೇಕು ಅಂತ ಡ್ಯೂಟಿ ಚಾರ್ಟಿನಲ್ಲಿ ಬರೆಸಿ, ಬಾಯಿಮಾತಿಗೆ ಬಿಡಬೇಡಿ.

ಹಿತ್ತಲಲ್ಲಿ ಒಂದೆರಡು ಗಿಡ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಡ, ಗೂಟಿ ಕಟ್ಟಿ, ಅಂದರೆ ಟೊಂಗೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಚಿಗುರು ಹಸಿರಾದ ಹೊತ್ತಿಗೆ ತೊಗಟೆ ಸಲೀಸಾಗಿ ಬಿಟ್ಟುಕೊಡುತ್ತದೆ. ಚಕ್ಕೆ ಸುಲಿಯುವವರೂ ಕಾಯುವುದು ಇದೇ ಹೊತ್ತಿಗೆ. ಪೆನ್ಸಿಲ್ ದಪ್ಪದ ಟೊಂಗೆಯಲ್ಲಿ ಎರಡು, ಎರಡೂವರೆ ಸೆಂ.ಮೀ. ಅಗಲದ ಉಂಗುರ ತೊಗಟೆ ತೆಗೆಯಿರಿ. ಒಳಗಿನ ಕಟ್ಟಿಗೆಯ ಮೇಲೆ ಬೆರಳಾಡಿಸಿದರೆ ಲೋಳೆ ಲೋಳೆ ಹತ್ತುತ್ತದೆ. ಅದನ್ನು ಚಾಕುವಿನ ಬೆನ್ನಿಂದ ಕೈಗೆ ಒರಟಾಗುವವರೆಗೆ ಕೆರೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದೇ ಇಲ್ಲ. ಗೂಟಿ ಸೋಲುವುದು ಹೆಚ್ಚಾಗಿ ಇಲ್ಲೇ. ಹಾರ್ಮೋನನ್ನು ಉಂಗುರದ ಮೇಲಂಚಿಗೆ ಹಚ್ಚಿ, ಬೇರು ಹೊರಡುವುದು ಅಲ್ಲಿಂದ. ನೆನೆಸಿದ ನಾರಿನ ಪುಡಿಯನ್ನು ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಬೀಳಬಾರದು. 20 ಸೆಂ.ಮೀ. ಪಾಲಿಥಿನ್ ಸುತ್ತಿ ಎರಡೂ ಕಡೆ ಬಿಗಿಯಿರಿ. ಮೇಲಿನ ಗಂಟು ಸಡಿಲವಾದರೆ ಮಳೆನೀರು ಟೊಂಗೆ ಗುಂಟ ಇಳಿದು ಒಳಗೆ ಕೊಳೆಸುತ್ತದೆ. 40ರಿಂದ 60 ದಿನಕ್ಕೆ ಬೇರು ಕಾಣುತ್ತದೆ. ಬಿಳಿ ಬೇರು ಕಂಡ ಕೂಡಲೇ ಕತ್ತರಿ ಹಾಕಬೇಡಿ, ಮುಟ್ಟಿದರೆ ಮುರಿಯುತ್ತದೆ, ಹಳದಿ-ಕಂದಿಗೆ ತಿರುಗಲಿ. ಗೂಟಿಯ ಕೆಳಗೆ ಕತ್ತರಿಸಿ, ಅರ್ಧ ಎಲೆ ಕಳೆದು, ಬ್ಯಾಗಿಗೆ ಹಾಕಿ ನೆರಳಲ್ಲಿಡಿ.

ಬೀಜದ ವಿಷಯದಲ್ಲಿ ಒಂದೇ ಮಾತು: ಒಣಗಿಸಬೇಡಿ. ದಾಲ್ಚಿನ್ನಿ ಬೀಜ ರಾಗಿಯಂತೆ ಡಬ್ಬಿಯಲ್ಲಿ ಕೂರುವುದಲ್ಲ, ಒಣಗಿದರೆ ಸಾಯುತ್ತದೆ. ‘ಬೀಜದ ಸ್ಟಾಕ್ ಎಷ್ಟಿದೆ’ ಅಂತ ಆಫೀಸು ಕೇಳಿದರೆ ‘ಸೊನ್ನೆ’ ಅನ್ನುವುದೇ ಸರಿಯಾದ ಉತ್ತರ. ಪಶ್ಚಿಮ ಕರಾವಳಿಯಲ್ಲಿ ಜನವರಿಯ ಹೂವು ಜೂನ್‌ನಿಂದ ಆಗಸ್ಟ್‌ವರೆಗೆ ಹಣ್ಣಾಗುತ್ತದೆ. ಪುಟ್ಟ ಬಟ್ಟಲಿನಂಥ ತೊಟ್ಟಿನಲ್ಲಿ ಕೂತ ಹಣ್ಣು ಕಪ್ಪು-ನೇರಳೆಗೆ ತಿರುಗಿದಾಗ ಕೊಯ್ದು, ತಿರುಳು ತಿಕ್ಕಿ ತೊಳೆದು, ಮರಳು, ಮಣ್ಣು, ಕಳಿತ ಸಗಣಿ ಗೊಬ್ಬರ 3:3:1 ಮಿಶ್ರಣದಲ್ಲಿ ತಡಮಾಡದೆ ಊರಿ. ತಿರುಳು ಉಳಿದರೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. 15-20 ದಿನಕ್ಕೆ ಮೊಳಕೆ ಶುರು. ಆರು ತಿಂಗಳಾಗುವವರೆಗೆ ನೆರಳು ಬೇಕು. ಆದರೆ ಬೀಜದ ಗಿಡ ತಾಯಿಯಂತೆಯೇ ಇರುತ್ತದೆ ಅಂತ ಗಿರಾಕಿಗೆ ಭರವಸೆ ಕೊಡಬೇಡಿ. ದಾಲ್ಚಿನ್ನಿ ಹೂವು ಮೊದಲು ಹೆಣ್ಣಾಗಿ ಅರಳಿ, ಮುಚ್ಚಿ, ಆಮೇಲೆ ಗಂಡಾಗಿ ಅರಳುತ್ತದೆ, ಪರಾಗ ಹೆಚ್ಚಾಗಿ ಪಕ್ಕದ ಮರದ್ದು. ನವಶ್ರೀ, ನಿತ್ಯಶ್ರೀಯಂಥ ತಳಿಯ ಗುಣವೇ ಬೇಕೆಂದರೆ ಕಟಿಂಗೋ ಗೂಟಿಯೋ ಆಗಬೇಕು. ಬೀಜದ ಸಸಿಗೆ ‘ನವಶ್ರೀ’ ಚೀಟಿ ಅಂಟಿಸಿ ಮಾರುವುದು ಮೋಸ, ಮೇಲಿನವರು ಹೇಳಿದರೂ ಮೋಸವೇ.

ಮಳೆಗಾಲದ ನರ್ಸರಿಯಲ್ಲಿ ಎರಡು ಕಾಟ. ಎಳೆ ಎಲೆಯ ಪದರದೊಳಗೆ ಬಿಳಿ ಗೆರೆ ಕೊರೆಯುವ ಹುಳು ಒಂದು; ಕಂಡ ಎಲೆಯನ್ನು ಚಿವುಟಿ ನಾಶ ಮಾಡಿ. ಇನ್ನೊಂದು ಸಸಿಯ ಕಾಂಡಕ್ಕೆ ತೆಳು ಕಂದು ಮಚ್ಚೆಯಾಗಿ ಬಂದು, ಸುತ್ತುವರಿದು, ಸಾಯಿಸುವ ರೋಗ. ಇದಕ್ಕೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮನೆಯ ಲೆಕ್ಕಕ್ಕೆ 10 ಗ್ರಾಂ ಮೈಲುತುತ್ತ ಅರ್ಧ ಲೀಟರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯಿರಿ. ಹೊಳೆಯುವ ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ಅಡಿಕೆಗೆ ಹೊಡೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ನೆಡಲು ಮುಂಗಾರಿನ ಆರಂಭ ಸರಿ. ಅರ್ಧ ಮೀಟರ್ ಗುಂಡಿ, ಗಿಡದಿಂದ ಗಿಡಕ್ಕೆ ಮೂರು ಮೀಟರ್. ನೀರು ನಿಲ್ಲುವ ಜಾಗವಾದರೆ ಬೇರೆ ಗಿಡ ಹುಡುಕಿಕೊಳ್ಳಿ. ಬ್ಯಾಗನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಎಳೆದರೆ ಮಣ್ಣಿನ ಹೆಂಟೆ ಒಡೆಯುತ್ತದೆ. ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಆ ಸುರುಳಿಯನ್ನು ಕತ್ತರಿಸಿಯೇ ಗುಂಡಿಗಿಳಿಸಿ.