ಚೆನ್ನೆಮಣೆಯ ಗಣಿತ ಇರುವುದು ಕಾಯಿ ಹಾಕುವ ಮೊದಲು

ಮಂಗಳೂರು, ಉಡುಪಿ ಕಡೆ ಆಟಿ ತಿಂಗಳಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಚೆನ್ನೆಮಣೆ, ಅಂದರೆ ಗುಳಿಗಳಿರುವ ಮಣೆಯಲ್ಲಿ ಕಾಯಿ ಹಂಚುತ್ತಾ ಹೋಗುವ ಆಟ, ಆಡುವ ಮನೆಗಳು ಈಗಲೂ ಇವೆ. ಸಾಂಪ್ರದಾಯಿಕ ಮಣೆಯಲ್ಲಿ 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಇದರಲ್ಲಿ ಮಕ್ಕಳಿಗೆ ಭಾಗಾಕಾರ, ಶೇಷ ಕಲಿಸಬಹುದು. ಆದರೆ 30 ಮಕ್ಕಳ ತರಗತಿಗೆ 15 ಮರದ ಮಣೆ ಹೊಂದಿಸುವುದು ಕಷ್ಟ. ಮೊಟ್ಟೆಯ ಟ್ರೇ ಸಾಕು. 30 ಮೊಟ್ಟೆಯ ಟ್ರೇಯನ್ನು ಎರಡೆರಡು ಸಾಲಾಗಿ ಕತ್ತರಿಸಿದರೆ 12 ಗುಳಿಯ ಎರಡು ಮಣೆ ಸಿಗುತ್ತದೆ, ಒಂದು ಸಾಲು ಉಳಿಯುತ್ತದೆ. 8 ಟ್ರೇ, 720 ಹುಣಸೆ ಬೀಜ, ಜೋಡಿಗೆ 48. ಬಳಸದ ಟ್ರೇಯನ್ನೇ ತನ್ನಿ. ಮಳೆಗಾಲದಲ್ಲಿ ಟ್ರೇ ಮೆತ್ತಗಾಗುತ್ತದೆ, ಬೀಜಕ್ಕೆ ಬೂಸ್ಟು ಹಿಡಿಯುತ್ತದೆ; ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಗೆ ಹಾಕಿಡಬೇಕು. ಚಂದ ಕಾಣುತ್ತದೆಂದು ಗುಲಗಂಜಿ ಮಾತ್ರ ಬೇಡವೇ ಬೇಡ, ಅದು ವಿಷ.

ಗುಳಿಗಳಿಗೆ 0ಯಿಂದ 11ರವರೆಗೆ ನಂಬರು ಬರೆಸಿ. ಹತ್ತಿರದ ಸಾಲಿನಲ್ಲಿ ಎಡದಿಂದ ಬಲಕ್ಕೆ 0–5, ಎದುರು ಸಾಲಿನಲ್ಲಿ ಬಲದಿಂದ ಎಡಕ್ಕೆ 6–11. 0ಯ ಎದುರಿಗೆ 11 ಬಂದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅನೇಕ ಮಕ್ಕಳು ಅಲ್ಲಿ 6 ಬರೆದಿರುತ್ತಾರೆ. 1ರಿಂದ 12 ಬರೆಸಿದರೆ ಮುಂದೆ ತೊಡಕು: ಶೇಷ 0 ಬಂದಾಗ ಆ ಹೆಸರಿನ ಗುಳಿಯೇ ಇರುವುದಿಲ್ಲ.

ಸುಮ್ಮನೆ ಆಡಲು ಬಿಟ್ಟರೆ ಮಕ್ಕಳು ಖುಷಿಯಾಗಿ ಆಡುತ್ತಾರೆ, ಲೆಕ್ಕ ಮಾತ್ರ ಮಾಡುವುದಿಲ್ಲ. ಕೈ ಓಡುತ್ತದೆ, ತಲೆ ಓಡುವುದಿಲ್ಲ. ಹಾಗಾಗಿ ನಿಯಮ ಒಂದೇ: ಗುಳಿಯ ಕಾಯಿ ಎಣಿಸಿ, ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಸ್ಲೇಟಿನಲ್ಲಿ ಬರೆದು, ಆಮೇಲೆ ಆ ಕಾಯಿಗಳನ್ನು ಮುಂದಿನ ಗುಳಿಯಿಂದ ಶುರು ಮಾಡಿ ನಂಬರಿನ ಕ್ರಮದಲ್ಲಿ ಒಂದೊಂದಾಗಿ ಹಂಚಬೇಕು; 11 ಆದ ಮೇಲೆ ಮತ್ತೆ 0. ಸರಿಯಾದರೆ ಒಂದು ಅಂಕ. ಕಾಯಿ ಗೆಲ್ಲುವ ನಿಯಮವನ್ನು ಸದ್ಯಕ್ಕೆ ಬಿಟ್ಟುಬಿಡಿ, ಇಲ್ಲದಿದ್ದರೆ ಎಲ್ಲರ ಗಮನ ಅಲ್ಲಿಗೇ ಹೋಗುತ್ತದೆ.

ಮೊದಲ ದಿನ ಕಾಣುವ ತಪ್ಪು ಹೆಚ್ಚಾಗಿ ಒಂದೇ. 7ನೇ ಗುಳಿಯಲ್ಲಿ 4 ಕಾಯಿ ಇದ್ದರೆ ಮಗು "ಏಳು, ಎಂಟು, ಒಂಬತ್ತು, ಹತ್ತು" ಎಂದು ಎಣಿಸಿ 10 ಬರೆಯುತ್ತದೆ. ಉತ್ತರ 11. ಹೊರಟ ಗುಳಿಯನ್ನೇ ಒಂದು ಎಂದು ಹಿಡಿದದ್ದು ತಪ್ಪಾಯಿತು. ಸ್ಕೇಲಿನಲ್ಲಿ 1ರಿಂದ ಅಳೆಯಲು ಶುರು ಮಾಡುವ ಮಗುವಿನದ್ದೂ ಇದೇ ಸಮಸ್ಯೆ. ತಿದ್ದಲು ಹೋಗಬೇಡಿ, ಕಾಯಿ ಹಾಕಲಿ. 8ನೇ ಗುಳಿಗೆ ಕಾಯಿ ಬಿದ್ದಾಗ ಮಾತ್ರ "ಒಂದು" ಎಂದು ಬಾಯಿಬಿಟ್ಟು ಹೇಳಿಸಿ.

ಮೂರು-ನಾಲ್ಕು ಪೀರಿಯಡ್ ಆದ ಮೇಲೆ ಸುತ್ತು ದಾಟುವ ಲೆಕ್ಕ. 3ನೇ ಗುಳಿಯಲ್ಲಿ 14 ಕಾಯಿ: 3+14=17. 17ನ್ನು 12ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 5. ಕೊನೆಯ ಕಾಯಿ 5ರಲ್ಲಿ ಬೀಳುತ್ತದೆ. ಭಾಗಲಬ್ಧ ಎಲ್ಲಿದೆ? 0 ಗುಳಿಗೆ ಈ ಸರದಿಯಲ್ಲಿ ಎಷ್ಟು ಕಾಯಿ ಬಿತ್ತೋ ಅಷ್ಟು. ಭಾಗಾಕಾರದ ಎರಡೂ ಉತ್ತರ ಮಣೆಯಲ್ಲೇ ಕಣ್ಣಿಗೆ ಕಾಣುವುದರಿಂದ ಈ ಆಟ ನಮಗೆ ಇಷ್ಟು ಮುಖ್ಯ.

ಐದನೇ ತರಗತಿಗೆ ಎರಡು ಜೋಡಿಯ ಕಾಯಿ ಸೇರಿಸಿ 90 ಎಣಿಸಿಕೊಡಿ. ಖಾಲಿ ಮಣೆ, 3ರಿಂದ ಹೊರಡಬೇಕು, ಮೊದಲ ಕಾಯಿ 4ಕ್ಕೆ. 93 ಭಾಗಿಸು 12. ಸ್ಲೇಟಿನಲ್ಲಿ ಬರೆದಾದ ಮೇಲೆ ಹಂಚಲಿ. ಕೊನೆಯ ಕಾಯಿ 9ರಲ್ಲಿ, 0 ಗುಳಿಯಲ್ಲಿ 7 ಕಾಯಿ ಇರಬೇಕು. ಇಲ್ಲದಿದ್ದರೆ ಮೊದಲು ಬೆಂಚಿನ ಕೆಳಗೆ ಹುಡುಕಿಸಿ, ಆಮೇಲೆ ಲೆಕ್ಕ ನೋಡಿ.